ನರಸಾಪುರದ ಪ್ರವಾಸವೂ ನೋವಿನ ವಿಚಾರವೂ

ಕಳೆದ ಮಾಘಮಾಸದಲ್ಲಿ ನಾವು ಸಪತ್ನೀಕರಾಗಿ ಕೋಲಾರ ಸೀಮೆಯ ನರಸಾಪುರಕ್ಕೆ ಹೋಗಿ ಐದು ದಿನ ಇದ್ದು ಬಂದೆವು. ನಮ್ಮ ಭಾವಮೈದುನನು ಅಲ್ಲಿ ಹೊಸ ಮನೆಯನ್ನು ಕಟ್ಟಿಸಿದ್ದನು. ಅಕ್ಕನೂ ಭಾವನೂ ಬಾರದೆ ತಾನು ಹೊಸ್ತಿಲು ದಾಟುವುದಿಲ್ಲವೆಂದು ಅವನು ಹಟ ಹಿಡಿದುದರಿಂದ ಹೊರಡಲೇಬೇಕಾಯಿತು. ತುಮಕೂರಿನಿಂದ ನರಸಾಪುರವು ಕಾಶಿಯಷ್ಟು ದೂರವೇನೂ ಅಲ್ಲ. ಆದರೂ ಹೊರಡುವ ಮೊದಲು ನಾವು ಹದಿನೈದು ದಿನ ಹಿಂದುಮುಂದು ನೋಡಿದೆವು. ಕಾರಣವನ್ನು ವಾಚಕರಿಂದ ಮುಚ್ಚಿಡುವುದೇಕೆ? ನಮಗೆ ಸೊಂಟದಲ್ಲಿ ನೋವು; ನಮ್ಮ ಮನೆಯವರಿಗೆ ಮೊಣಕಾಲಿನಲ್ಲಿ ನೋವು.

ಈ ಎರಡು ನೋವುಗಳ ಪೂರ್ವಚರಿತ್ರೆಯನ್ನು ಸ್ವಲ್ಪ ಹೇಳಬೇಕಾಗಿದೆ. ಪ್ರವಾಸದಲ್ಲಿ ನಾವು ಕಂಡುದೆಲ್ಲವೂ ಅದರೊಡನೆ ಹೆಣೆದುಕೊಂಡಿದೆ. ಮನೆಯವರ ಮೊಣಕಾಲಿನ ನೋವು ಆರು ವರ್ಷದ್ದು. ಮೆಟ್ಟಿಲು ಇಳಿಯುವಾಗಲೂ ನೆಲದಿಂದ ಏಳುವಾಗಲೂ ಅವರು ಒಂದು ಕ್ಷಣ ಗೋಡೆಯನ್ನು ಹಿಡಿದು ನಿಲ್ಲುತ್ತಿದ್ದರು. ಕೀಲು ಸವೆದಿದೆಯೆಂದು ವೈದ್ಯರು ಹೇಳಿದ್ದರು. ನಾವು ಮಾತ್ರ ವೃತ್ತಪತ್ರಿಕೆಯಿಂದ ತಲೆಯನ್ನೆತ್ತದೆ, “ಅದನ್ನೇ ಹಚ್ಚಿಕೊಂಡರೆ ಹೆಚ್ಚಾಗುತ್ತದೆ. ಮರೆತುಬಿಡು. ನೋವೆಲ್ಲ ಮನಸ್ಸಿನದು” ಎಂದು ಉಪದೇಶಿಸುತ್ತಿದ್ದೆವು. ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದ ಬಾಯಿಗೆ ಉಪದೇಶದ ಬಡತನವುಂಟೆ?

ನಿವೃತ್ತರಾದ ಎರಡನೆಯ ತಿಂಗಳಲ್ಲಿ, ನೀರಿನ ಕೊಡವನ್ನೆತ್ತುವಾಗ, ನಮ್ಮ ಸೊಂಟದಲ್ಲಿ ಏನೋ ಹಿಡಿದಂತಾಯಿತು. ಅಲ್ಲಿಂದ ಎಡಗಾಲಿನ ಮೀನಖಂಡದವರೆಗೆ ಕಾದ ತಂತಿಯನ್ನೆಳೆದಂಥ ನೋವು ಇಳಿಯತೊಡಗಿತು. ಆಯುರ್ವೇದದಲ್ಲಿ ಇದನ್ನೇ ಗೃಧ್ರಸಿಯೆನ್ನುವರು. ವೈದ್ಯರು ಪರೀಕ್ಷಿಸಿ, ಬೆನ್ನುಮೂಳೆಯ ನಡುವಣ ಮೆತ್ತೆ ಜರುಗಿ ನರವನ್ನು ಒತ್ತುತ್ತಿದೆ, ಶಸ್ತ್ರಚಿಕಿತ್ಸೆ ಬೇಕಾಗಿಲ್ಲ, ಕಾಲ ಹಿಡಿಯುತ್ತದೆ ಎಂದರು. “ನೋವಿಗೆ ಹತ್ತಕ್ಕೆ ಎಷ್ಟು ಅಂಕ ಕೊಡುವಿರಿ, ಮೇಷ್ಟ್ರೇ?” ಎಂದು ಕೇಳಿದರು. ಅಂಕ ಕೊಡುವುದರಲ್ಲಿ ಸದಾ ಜಿಪುಣರಾಗಿದ್ದ ನಾವು ಅಂದು ಧಾರಾಳವಾಗಿ ಒಂಬತ್ತು ಕೊಟ್ಟೆವು. ಮುಂದಿನ ನಾಲ್ಕು ತಿಂಗಳು ಮನೆಯಲ್ಲಿ ನಮ್ಮೊಡನೆ ಬಾಳುವುದು ದುಸ್ತರವಾಯಿತು. ಹಾಲಿನ ಹುಡುಗನ ಮೇಲೆ ರೇಗಿದೆವು. ಗೋಡೆಯ ಗಡಿಯಾರದ ಮೇಲೂ ರೇಗಿದೆವು. ಮನೆಯವರು ಬಿಸಿನೀರಿನ ಚೀಲವನ್ನು ತಂದು ಬೆನ್ನಿಗಿಟ್ಟು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. “ನೋವೆಲ್ಲ ಮನಸ್ಸಿನದು” ಎಂದು ಅವರು ಒಂದು ದಿನವೂ ನಮಗೆ ತಿರುಗಿಸಿ ಹೇಳಲಿಲ್ಲ. ಹೇಳಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಹೀಗೆ ಇಬ್ಬರೂ ಒಂದೊಂದು ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಪ್ರಯಾಣಕ್ಕೆ ಹೊರಟೆವು. ಬೆಂಗಳೂರಿನಿಂದ ಹೊಸಕೋಟೆಯ ಮಾರ್ಗವಾಗಿ ಕೋಲಾರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೫೦ ಕಿಲೋಮೀಟರು ಸಾಗಿದ ಮೇಲೆ ನರಸಾಪುರಕ್ಕೆ ತಿರುಗುವ ದಾರಿ ಸಿಕ್ಕುವುದು. ಇದು ಕೋಲಾರ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯಸ್ಥಳ. ನಮ್ಮ ಮದುವೆಯ ಹೊಸದರಲ್ಲಿ ಇಲ್ಲಿಗೆ ಬಂದಾಗ ದಾರಿಯ ಎರಡು ಕಡೆಯಲ್ಲಿಯೂ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಅಲ್ಲೊಂದು ಇಲ್ಲೊಂದು ಹುಣಿಸೆಯ ಮರ ಇವಿಷ್ಟೇ ಕಾಣುತ್ತಿದ್ದವು. ಈಗ ಹೆದ್ದಾರಿಯ ಪಕ್ಕದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವೇ ಎದ್ದಿದೆ. ಇಲ್ಲಿ ಮೋಟಾರು ಸೈಕಲ್ಲು, ಸ್ಕೂಟರುಗಳನ್ನು ಮಾಡುತ್ತಾರೆ. ಮೊಬೈಲು ಫೋನುಗಳನ್ನು ಜೋಡಿಸುತ್ತಾರೆ. ಪಾಳಿ ಬದಲಾಗುವ ಹೊತ್ತಿಗೆ ಸಾಲುಸಾಲಾಗಿ ಬಸ್ಸುಗಳು ನಿಂತು, ಯುವಕ ಯುವತಿಯರು ಜಾತ್ರೆಯ ಜನದಂತೆ ಇಳಿಯುತ್ತ ಏರುತ್ತ ಇರುತ್ತಾರೆ.

ಊರಿನ ಕೆರೆಯನ್ನು ಕಂಡು ಮನೆಯವರು ಮಾತಿಲ್ಲದೆ ನಿಂತುಬಿಟ್ಟರು. ಅವರ ಬಾಲ್ಯದ ನೆನಪಿನಲ್ಲಿ ಅದು ಮಳೆಗಾಲದಲ್ಲಿ ಮಾತ್ರ ಒಂದಿಷ್ಟು ಮಿಂಚಿ, ಬೇಸಗೆಯಲ್ಲಿ ಬಿರಿದು ಬಾಯ್ದೆರೆಯುವ ಕೆರೆ. ೨೦೧೮ರಲ್ಲಿ ಬೆಂಗಳೂರಿನ ಕೊಳಚೆಯ ನೀರನ್ನು ಸಂಸ್ಕರಿಸಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೊಳವೆಗಳ ಮೂಲಕ ಈ ಜಿಲ್ಲೆಯ ಕೆರೆಗಳಿಗೆ ಏರಿಸಲಾರಂಭಿಸಿದರು. ಆ ನೀರು ನರಸಾಪುರದ ಕೆರೆಗೂ ಬಂದಿತು. ಅದು ಕುಡಿಯುವುದಕ್ಕಲ್ಲ, ಬತ್ತಿದ ನೆಲದೊಳಕ್ಕೆ ಇಳಿದು ಅಂತರ್ಜಲವನ್ನು ಹೆಚ್ಚಿಸಲೆಂದು ಬಿಟ್ಟ ನೀರು.

ನೀರಿನ ಮಾತು ಬಂದುದರಿಂದ ನೋವಿನ ವಿಚಾರದಲ್ಲಿ ಮೊದಲನೆಯ ಪಾಠವನ್ನು ಇಲ್ಲಿಯೇ ಹೇಳಿಬಿಡುವೆವು. ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕ ಕುಳಿತ ವೃದ್ಧರೊಬ್ಬರು ಕುತ್ತಿಗೆಯನ್ನು ತಿರುಗಿಸಲಾರದೆ, ನಮ್ಮನ್ನು ನೋಡಬೇಕಾದಾಗ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಹಲ್ಲುಗಳಲ್ಲಿ ಕಂದುಬಣ್ಣದ ಪಟ್ಟೆಗಳಿದ್ದವು. ಕೋಲಾರ ಜಿಲ್ಲೆಯ ಎಷ್ಟೋ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಅಧಿಕವಾಗಿದೆ. ಲೀಟರಿಗೆ ೧.೫ ಮಿಲಿಗ್ರಾಮಿಗಿಂತ ಹೆಚ್ಚಿರುವ ನೀರನ್ನು ಬಾಲ್ಯದಲ್ಲಿ ಕುಡಿದರೆ ಹಲ್ಲು ಕಲೆಗಟ್ಟುವ ಭಯವಿದೆ. ಇನ್ನೂ ಹೆಚ್ಚಿರುವುದನ್ನು ಬಹುಕಾಲ ಕುಡಿದರೆ ಮೂಳೆ ಬಿರುಸಾಗಿ, ಕೀಲುಗಳು ಬಿಗಿದು ನೋಯುತ್ತವೆ. ಅಂಥವರ ಮುಂದೆ ಕುಳಿತು ಪ್ರಾಣಾಯಾಮದ ಮಹಿಮೆಯನ್ನು ಬಣ್ಣಿಸುವುದು ಕ್ರೌರ್ಯವಾದೀತು. ಮೊದಲು ಕುಡಿಯುವ ನೀರು ಬದಲಾಗಬೇಕು. ಮನಸ್ಸಿನ ಮಾತು ಅನಂತರದ್ದು.

ಮರುದಿನ ಭಾವಮೈದುನನು, “ಭಾವ, ಸೊಂಟನೋವಿನವರು ಇಷ್ಟು ದೂರ ಬಂದು ಬೆಳ್ಳೂರನ್ನು ನೋಡದೆ ಹೋಗುವುದುಂಟೆ?” ಎಂದನು. ಕನ್ನಡನಾಡಿನಲ್ಲಿ ಬೆಳ್ಳೂರೆಂಬ ಹೆಸರಿನ ಊರುಗಳು ಹಲವು. ನಾಗಮಂಗಲದ ಬೆಳ್ಳೂರು ಬೇರೆ. ನಾವು ಹೇಳುವುದು ನರಸಾಪುರದ ಹೋಬಳಿಗೇ ಸೇರಿದ ಬೆಳ್ಳೂರನ್ನು. ಲೋಕಪ್ರಸಿದ್ಧರಾದ ಯೋಗಾಚಾರ್ಯ ಬಿ. ಕೆ. ಎಸ್. ಅಯ್ಯಂಗಾರ್ಯರ ಹೆಸರಿನ ಮೊದಲಕ್ಷರವೇ ಈ ಊರು.

ಅಯ್ಯಂಗಾರ್ಯರು ಹುಟ್ಟಿದುದು ೧೯೧೮ನೆಯ ಡಿಸೆಂಬರು ೧೪ರಂದು. ಇನ್‌ಫ್ಲುಯೆಂಜಾ ಮಹಾಮಾರಿಯು ಲೋಕವನ್ನೇ ಬಾಚುತ್ತಿದ್ದ ವರ್ಷವದು. ತಾಯಿ ಶೇಷಮ್ಮನವರೂ ಆ ಜ್ವರಕ್ಕೆ ತುತ್ತಾಗಿದ್ದರು. ತಂದೆ ಕೃಷ್ಣಮಾಚಾರ್ಯರು, ನಮ್ಮಂತೆಯೇ, ಶಾಲೆಯ ಉಪಾಧ್ಯಾಯರು. ಹದಿಮೂರು ಮಕ್ಕಳಲ್ಲಿ ಹನ್ನೊಂದನೆಯವರಾದ ಈ ಬಾಲಕರಿಗೆ ಒಂಬತ್ತನೆಯ ವಯಸ್ಸಿನಲ್ಲಿ ಪಿತೃವಿಯೋಗವಾಯಿತು. ಮಲೇರಿಯಾ, ಟೈಫಾಯಿಡು, ಕ್ಷಯ ಇವು ಒಂದಾದ ಮೇಲೊಂದು ಬಂದವು. ತಲೆಯನ್ನೆತ್ತಿ ನಡೆಯುವುದೇ ಪ್ರಯಾಸವೆಂಬಂಥ ದೇಹಸ್ಥಿತಿ. ೧೯೩೪ರಲ್ಲಿ ಅಕ್ಕನ ಗಂಡನಾದ ತಿರುಮಲೈ ಕೃಷ್ಣಮಾಚಾರ್ಯರು ಇವರನ್ನು ಮೈಸೂರಿಗೆ ಕರೆಸಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆಯನ್ನು ನಡೆಸುತ್ತಿದ್ದ ಕಾಲವದು. ಅಲ್ಲಿ ಕಲಿತು, ೧೯೩೭ರಲ್ಲಿ ಪುಣೆಗೆ ಹೋಗಿ ಪಾಠ ಹೇಳುತ್ತ ಅಲ್ಲಿಯೇ ನೆಲೆಸಿದರು. ೧೯೫೨ರಲ್ಲಿ ಪಿಟೀಲು ವಿದ್ವಾಂಸರಾದ ಯೆಹೂದಿ ಮೆನುಹಿನ್ನರು ಮುಂಬಯಿಯಲ್ಲಿ ಬಳಲಿಕೆಯಿಂದಲೂ ಮೈನೋವಿನಿಂದಲೂ ಕಂಗೆಟ್ಟು ಇವರನ್ನು ಕಂಡರು. ಅಂದಿನಿಂದ ಪಾಶ್ಚಾತ್ಯ ದೇಶಗಳ ಬಾಗಿಲು ತೆರೆಯಿತು. ೧೯೬೬ರಲ್ಲಿ ಇವರ ಇಂಗ್ಲಿಷ್ ಗ್ರಂಥ ‘ಲೈಟ್ ಆನ್ ಯೋಗ’ ಹೊರಬಿದ್ದಿತು. ೨೦೧೪ರ ಆಗಸ್ಟಿನಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ, ಪುಣೆಯಲ್ಲಿ ಕಾಲವಾದರು.

ಈ ಸಂಗತಿಗಳೆಲ್ಲ ಅನೇಕರಿಗೆ ತಿಳಿದಿರಬಹುದು. ನಮ್ಮ ಮನಸ್ಸಿಗೆ ನಾಟಿದುದು ಮತ್ತೊಂದು. ೧೯೭೯ರಲ್ಲಿ, ಈಗ ನಮಗಾಗಿರುವಷ್ಟೇ ವಯಸ್ಸಾಗಿದ್ದಾಗ, ಅವರು ಕೆಲವೇ ತಿಂಗಳ ಅಂತರದಲ್ಲಿ ಎರಡು ಸಲ ಸ್ಕೂಟರು ಅಪಘಾತಕ್ಕೆ ಸಿಕ್ಕಿ ಬೆನ್ನು, ಭುಜ, ಮೊಣಕಾಲುಗಳನ್ನು ನೋಯಿಸಿಕೊಂಡರು. ನಲವತ್ತು ವರ್ಷಗಳಿಗೂ ಮೀರಿದ ಅಭ್ಯಾಸದ ಮೈ ಸಾಮಾನ್ಯ ಆಸನಗಳಿಗೂ ಬಗ್ಗದಾಯಿತು. ಲೋಕಕ್ಕೆಲ್ಲ ಗುರುವಾದವರು ಹೊಸ ವಿದ್ಯಾರ್ಥಿಯಂತೆ ಮೊದಲ ಪಾಠದಿಂದ ಆರಂಭಿಸಿದರು. ಕುರ್ಚಿ, ಮರದ ಇಟ್ಟಿಗೆ, ಹಗ್ಗ, ಪಟ್ಟಿ, ದಿಂಬು ಮೊದಲಾದ ಆಧಾರಗಳನ್ನು ಅವರು ಅದಕ್ಕೆ ಮೊದಲೇ ರೋಗಿಗಳಿಗಾಗಿ ಬಳಕೆಗೆ ತಂದಿದ್ದರು. ಈಗ ಅವುಗಳನ್ನು ತಮ್ಮ ಮೈಗೇ ಹಚ್ಚಿಕೊಂಡು ಹಲವು ವರ್ಷ ದುಡಿದರು. ಅಭ್ಯಾಸದಲ್ಲಿ ಎದುರಾಗುವ ನೋವಿನಲ್ಲಿ ಹಿತವಾದುದು ಯಾವುದು, ಅಹಿತವಾದುದು ಯಾವುದು ಎಂದು ವಿಂಗಡಿಸಿ ನೋಡಬೇಕೆಂಬುದು ಅವರ ಬೋಧೆಯ ಒಂದು ಮುಖ್ಯಾಂಶ. ನೋವನ್ನು ಹಲ್ಲುಕಚ್ಚಿ ಸಹಿಸುವುದೂ ಅಲ್ಲ, ಅದಕ್ಕೆ ಹೆದರಿ ಅಲುಗದೆ ಬೀಳುವುದೂ ಅಲ್ಲ; ಅದರ ಮಾತನ್ನು ಕೇಳಿ ತಿಳಿಯುವುದು.

ಭಾವಮೈದುನನು ಕುರ್ಚಿ ದಿಂಬುಗಳ ವಿಷಯವನ್ನು ವಿವರಿಸುತ್ತಿದ್ದಾಗ ಮನೆಯವರು ಕಿವಿಗೊಟ್ಟು ಕೇಳಿ, “ಹಾಗಾದರೆ ಯೋಗಕ್ಕೆ ನೆಲದ ಮೇಲೆ ಕೂರಲೇಬೇಕೆಂಬ ಶಾಸ್ತ್ರವಿಲ್ಲವೇನೋ?” ಎಂದು ಅವನನ್ನು ಕೇಳಿದರು. ಆರು ವರ್ಷಗಳಲ್ಲಿ ನಾವು ಅವರಿಗೆ ಎಷ್ಟೋ ಸಲ ಪದ್ಮಾಸನದ ಗುಣಗಳನ್ನು ಹೇಳಿದ್ದೆವು. ಒಂದು ಸಲವಾದರೂ ಕುರ್ಚಿಯನ್ನು ತಂದುಕೊಟ್ಟಿರಲಿಲ್ಲ.

ಬೆಳ್ಳೂರಿನಲ್ಲಿ ಅಯ್ಯಂಗಾರ್ಯರೂ ಅವರ ತಂದೆತಾಯಿಗಳ ಹೆಸರಿನ ನಿಧಿಯೂ ಕಟ್ಟಿಸಿದ ಶಾಲೆ, ಆಸ್ಪತ್ರೆಗಳಿವೆ. ಪತಂಜಲಿ ಮಹರ್ಷಿಗಳ ದೇವಾಲಯವೂ ಇದೆ. ಮೇಲರ್ಧ ಮಾನವರೂಪ, ಕೆಳಗೆ ಸುರುಳಿಸುತ್ತಿದ ಸರ್ಪದೇಹ: ಇದು ಶೇಷಾವತಾರನೆಂದು ಪ್ರಸಿದ್ಧನಾದ ಆ ಮುನಿಯ ಸಾಂಪ್ರದಾಯಿಕ ರೂಪ. ನಾವು ಪತಂಜಲಿಯನ್ನು ಬಲ್ಲುದು ಮಹಾಭಾಷ್ಯದಿಂದ, ಅಂದರೆ ವೈಯಾಕರಣನಾಗಿ. ಮಾತಿನ ದೋಷಕ್ಕೆ ವ್ಯಾಕರಣ, ಮನಸ್ಸಿನ ದೋಷಕ್ಕೆ ಯೋಗ, ಮೈಯ ದೋಷಕ್ಕೆ ವೈದ್ಯ, ಈ ಮೂರನ್ನೂ ಒಬ್ಬನೇ ಕೊಟ್ಟನೆಂದು ಸಂಪ್ರದಾಯವು ಹೇಳುತ್ತದೆ. ಒಬ್ಬನೋ ಮೂವರೋ ಎಂಬ ವಾದವನ್ನು ವಿದ್ವಾಂಸರಿಗೆ ಬಿಡೋಣ. ಮೂರನ್ನೂ ಒಂದೆಡೆ ಸೇರಿಸಿದ ಹಿರಿಯರ ಬುದ್ಧಿಯಲ್ಲಿ ಏನೋ ಅರ್ಥವಿದೆಯೆಂದು ಅಲ್ಲಿ ಕುಳಿತಿದ್ದಾಗ ತೋರಿತು.

ವ್ಯಾಕರಣದಿಂದಲೇ ಹೊರಡೋಣ. ನೋವಿಗೆ ಸಂಸ್ಕೃತದಲ್ಲಿ ‘ವೇದನಾ’ ಎಂಬ ಹೆಸರುಂಟು, ಕನ್ನಡದಲ್ಲಿಯೂ ವೇದನೆಯೆನ್ನುತ್ತೇವೆ. ಇದರ ಧಾತು ‘ವಿದ್’. ತಿಳಿ, ಅರಿ ಎಂದರ್ಥ. ‘ವೇದ’ವೂ ‘ವಿದ್ಯೆ’ಯೂ ಇದೇ ಧಾತುವಿನಿಂದ ಬಂದವು. ಮೂವತ್ತು ವರ್ಷ ಇದನ್ನು ತರಗತಿಯಲ್ಲಿ ಒಪ್ಪಿಸಿದೆವೇ ಹೊರತು ಅದರ ಒಳಗನ್ನು ನೋಡಿರಲಿಲ್ಲ. ಗಾಯವು ಕಾಲಿನಲ್ಲಿರಬಹುದು, ವೇದನೆಯಿರುವುದು ಅರಿವಿನಲ್ಲಿ. ಗಾಢನಿದ್ರೆಯಲ್ಲಿ ನಮ್ಮ ನರವನ್ನು ಮೆತ್ತೆಯು ಒತ್ತುವುದನ್ನೇನೂ ಬಿಟ್ಟಿರಲಿಲ್ಲ; ಆದರೆ ವೇದನೆಯಿರಲಿಲ್ಲ.

ಇಂದಿನ ವೈದ್ಯಶಾಸ್ತ್ರವೂ ಇದಕ್ಕೆ ದೂರವಾಗಿಲ್ಲ. ನೋವನ್ನು ಕುರಿತು ಸಂಶೋಧಿಸುವವರ ಅಂತರರಾಷ್ಟ್ರೀಯ ಸಂಘವು ೧೯೭೯ರಲ್ಲಿ ಒಂದು ಲಕ್ಷಣವನ್ನು ಗೊತ್ತುಮಾಡಿ ೨೦೨೦ರಲ್ಲಿ ಅದನ್ನು ತಿದ್ದಿತು. ನೋವು ಕೇವಲ ಇಂದ್ರಿಯದ ಸುದ್ದಿಯಲ್ಲ, ಭಾವನೆಯೂ ಕೂಡಿದ ಅನುಭವವೆಂಬುದು ಅದರ ಸಾರ. ನೋವಿದೆಯೆಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸತಕ್ಕದ್ದೆಂದೂ ಅದಕ್ಕೆ ಕೂಡಿಸಿದ ಟಿಪ್ಪಣಿಯಲ್ಲಿದೆ. ೧೯೬೫ರಲ್ಲಿ ಮೆಲ್ಜ್ಯಾಕ್, ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲುಂಟೆಂದು ಪ್ರತಿಪಾದಿಸಿದರು. ಸ್ಪರ್ಶದ ಸುದ್ದಿಗಳು ಅದನ್ನು ಅರೆಮುಚ್ಚಬಲ್ಲವು. ಮೆದುಳಿನಿಂದ ಕೆಳಗಿಳಿಯುವ ಅಪ್ಪಣೆಗಳೂ ಅದನ್ನು ತೆರೆಯಬಲ್ಲವು, ಮುಚ್ಚಬಲ್ಲವು. ಎಡವಿ ಬಿದ್ದ ಮಗುವಿನ ಮೊಣಕಾಲನ್ನು ಅಜ್ಜಿಯು ನೀವಿ ಊದುವುದೇಕೆಂದು ಈಗ ತಿಳಿಯಿತಷ್ಟೆ? ಆ ಸಿದ್ಧಾಂತದ ವಿವರಗಳು ಆಮೇಲೆ ಬಹಳ ತಿದ್ದುಪಡಿಯಾಗಿವೆ. ಸುದ್ದಿಯು ಮೇಲಕ್ಕೆ ಹೋಗುವಂತೆ ಅಪ್ಪಣೆಯು ಕೆಳಕ್ಕೂ ಬರುತ್ತದೆಂಬ ಮುಖ್ಯಾಂಶವು ಉಳಿದಿದೆ.

ಪತಂಜಲಿಯು ಯೋಗದ ವಿಘ್ನಗಳನ್ನು ಎಣಿಸುವಾಗ ವ್ಯಾಧಿಯನ್ನು ಮೊದಲಿಡುತ್ತಾನೆ. ವಿಘ್ನಗಳ ಜೊತೆಗೆ ನಾಲ್ಕು ಸಂಗಾತಿಗಳು ಬರುತ್ತವೆಂದೂ ಹೇಳುತ್ತಾನೆ: ದುಃಖ, ಮನಸ್ಸಿನ ಕುಗ್ಗು, ಅಂಗಗಳ ಅದುರು, ಉಸಿರಿನ ಏರುಪೇರು. ಸೊಂಟನೋವಿನವನ ಚಿತ್ರವನ್ನು ಇದಕ್ಕಿಂತ ಚೆನ್ನಾಗಿ ಬರೆಯುವುದು ಯಾರಿಂದ ಸಾಧ್ಯ? ನೋವು ಬಂದೊಡನೆ ಉಸಿರು ಹಿಡಿಯುವುದು, ಮೈ ಸೆಟೆಯುವುದು, ಸೆಟೆದ ಮೈ ಮತ್ತಷ್ಟು ನೋಯುವುದು, ನಾಳೆ ಹೇಗೋ ಎಂಬ ಭಯ ಹುಟ್ಟುವುದು, ಭಯದಿಂದ ಉಸಿರು ಇನ್ನೂ ಮೊಟಕಾಗುವುದು. ಈ ನಾಲ್ವರಲ್ಲಿ ದುಃಖಕ್ಕೂ ಕುಗ್ಗಿಗೂ ನೇರವಾಗಿ ಅಪ್ಪಣೆ ಮಾಡಲಾಗದು. ಕೈಗೆ ಸಿಕ್ಕುವುದು ಉಸಿರೊಂದೇ. ಅದಕ್ಕೇ ಇರಬೇಕು, ಅವನು ಮುಂದೆ ಹೇಳುವ ಉಪಾಯಗಳಲ್ಲಿ ಉಸಿರನ್ನು ಹೊರಬಿಡುವುದೂ ಒಂದು.

ಇದನ್ನು ಪರೀಕ್ಷಿಸಿ ನೋಡಿದವರುಂಟು. ೨೦೧೧ರಲ್ಲಿ ಅಮೆರಿಕದಲ್ಲಿ ಹದಿನೈದು ಮಂದಿ ಆರೋಗ್ಯವಂತರಿಗೆ ದಿನಕ್ಕೆ ಇಪ್ಪತ್ತು ನಿಮಿಷದಂತೆ ನಾಲ್ಕು ದಿನ ಉಸಿರಿನ ಮೇಲೆ ಗಮನವಿಡುವ ಧ್ಯಾನವನ್ನು ಕಲಿಸಿ, ಕಾಲಿಗೆ ಬಿಸಿತಗಡನ್ನು ಮುಟ್ಟಿಸಿ ನೋಡಿದರು. ಧ್ಯಾನದಲ್ಲಿದ್ದಾಗ ನೋವಿನ ತೀವ್ರತೆಯು ನೂರಕ್ಕೆ ೪೦ರಷ್ಟು ತಗ್ಗಿತೆಂದೂ, ಅದರ ಅಸಹನೀಯತೆಯು ನೂರಕ್ಕೆ ೫೭ರಷ್ಟು ತಗ್ಗಿತೆಂದೂ ಅವರು ಅಂಕಗಳನ್ನು ಕೊಟ್ಟರು. ಬೆಂಗಳೂರಿನ ಬಳಿಯ ಜಿಗಣಿಯಲ್ಲಿರುವ ವಿವೇಕಾನಂದ ಯೋಗ ಸಂಸ್ಥೆಯವರು ಬಹುಕಾಲದ ಸೊಂಟನೋವಿನ ೮೦ ರೋಗಿಗಳಲ್ಲಿ ಅರ್ಧಜನಕ್ಕೆ ಯೋಗವನ್ನೂ ಉಳಿದವರಿಗೆ ಸಾಮಾನ್ಯ ವ್ಯಾಯಾಮವನ್ನೂ ಒಂದು ವಾರ ಕಲಿಸಿ, ಯೋಗದವರಲ್ಲಿ ನೋವಿನಿಂದಾದ ಅಶಕ್ತತೆಯು ಹೆಚ್ಚಾಗಿ ಕುಗ್ಗಿತೆಂದು ೨೦೦೮ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ೩೧೩ ಮಂದಿಯನ್ನು ಒಂದು ವರ್ಷ ಗಮನಿಸಿದ ಪರೀಕ್ಷೆಯು ೨೦೧೧ರಲ್ಲಿ ಹೊರಬಂದಿತು. ಪಾಠ ಹೇಳಿದವರಲ್ಲಿ ಅಯ್ಯಂಗಾರ್ಯರ ಪದ್ಧತಿಯವರೂ ಇದ್ದರು. ಯೋಗ ಕಲಿತವರು ಬಗ್ಗುವುದು, ನಡೆಯುವುದು, ಮನೆಗೆಲಸ ಮಾಡುವುದು ಇವುಗಳಲ್ಲಿ ಉಳಿದವರಿಗಿಂತ ಮುಂದಾದರು. ನೋವಿನ ಅಂಕದಲ್ಲಿ ಮಾತ್ರ ಎರಡು ಪಂಗಡಕ್ಕೂ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಇದನ್ನು ಕೇಳಿ ಕೆಲವರು ನಿರಾಶರಾಗಬಹುದು. ನಮಗೆ ಇದೇ ಹೆಚ್ಚು ನಂಬಿಕೆಗೆ ಅರ್ಹವೆಂದು ತೋರಿತು. ನೋವು ಮನೆಯಲ್ಲಿಯೇ ಇದೆ. ಆದರೆ ಯಜಮಾನಿಕೆಯನ್ನು ಬಿಟ್ಟುಕೊಟ್ಟಿದೆ.

ಮೂರನೆಯ ದಿನ ಉತ್ತರಕ್ಕೆ, ವೇಮಗಲ್ಲಿನ ಕಡೆಗೆ, ಸೀತಿಬೆಟ್ಟವನ್ನು ನೋಡಹೋದೆವು. ಬೆಟ್ಟದಲ್ಲಿ ಭೈರವೇಶ್ವರನ ದೇವಸ್ಥಾನವಿದೆ. ನಮ್ಮಿಬ್ಬರಿಗೂ ಹತ್ತುವ ತ್ರಾಣವಿರಲಿಲ್ಲವಾದುದರಿಂದ ತಪ್ಪಲಿನ ನೆರಳಿನಲ್ಲಿಯೇ ಕುಳಿತೆವು. ನೋವಿನ ಚರಿತ್ರೆಯಲ್ಲಿ ಈ ಬೆಟ್ಟಕ್ಕೂ ಒಂದು ಸ್ಥಾನವುಂಟು. ಮೊರಸು ಒಕ್ಕಲಿಗರಲ್ಲಿ ಒಂದು ಪಂಗಡದ ಹೆಂಗಸರು, ಹಿರಿಯ ಮಗಳ ಕಿವಿ ಚುಚ್ಚಿಸುವುದಕ್ಕೆ ಮುಂಚೆ, ತಮ್ಮ ಬಲಗೈಯ ಉಂಗುರದ ಬೆರಳು, ಕಿರುಬೆರಳುಗಳ ತುದಿಗೆಣ್ಣುಗಳನ್ನು ಹಿಂದೆ ಭೈರವನಿಗೆ ಕೊಡುತ್ತಿದ್ದರು. ಕಮ್ಮಾರನು ಉಳಿಯಿಂದ ಕತ್ತರಿಸುತ್ತಿದ್ದನು. ವಿಲ್ಕ್ಸ್, ರೈಸ್ ಮೊದಲಾದವರು ಇದನ್ನು ತಮ್ಮ ಗ್ರಂಥಗಳಲ್ಲಿ ಬರೆದಿಟ್ಟಿದ್ದಾರೆ. ಸರ್ಕಾರವು ನಿಷೇಧಿಸಿದುದರಿಂದ ಅದು ಬಹುಹಿಂದೆಯೇ ನಿಂತು, ಬೆರಳಿಗೆ ಹೂವು ಸುತ್ತಿ, ಉಳಿಯನ್ನು ಗೆಣ್ಣಿಗೆ ಮುಟ್ಟಿಸಿ ತೆಗೆಯುವಂಥ ಸಾಂಕೇತಿಕ ವಿಧಿಯಾಗಿ ಮಾರ್ಪಟ್ಟಿತು.

ಅದಕ್ಕೊಂದು ಕಥೆಯುಂಟು. ತಲೆಯ ಮೇಲೆ ಕೈಯಿಟ್ಟರೆ ಯಾರಾದರೂ ಬೂದಿಯಾಗುವಂಥ ವರವನ್ನು ಪಡೆದ ವೃಕಾಸುರನು ವರಕೊಟ್ಟ ಶಿವನನ್ನೇ ಅಟ್ಟಿಸಿಕೊಂಡು ಬಂದನು. ಶಿವನು ಲಿಂಗತೊಂಡೆಯ ಪೊದೆಯಲ್ಲಿ ಅಡಗಿದನು. ಹೊಲದಲ್ಲಿದ್ದ ಒಕ್ಕಲಿಗನು ಅಸುರನಿಗೆ ಹೆದರಿ, ಬಾಯಿಂದ ಕಾಣೆನೆಂದು ಹೇಳುತ್ತಲೇ ಕಿರುಬೆರಳಿನಿಂದ ಪೊದೆಯನ್ನು ತೋರಿಸಿದನು. ವಿಷ್ಣುವು ಮೋಹಿನಿಯಾಗಿ ಬಂದು ಅಸುರನನ್ನು ಕೊಂದಮೇಲೆ, ತಪ್ಪು ಮಾಡಿದ ಬೆರಳನ್ನು ಕತ್ತರಿಸಬೇಕೆಂದು ಶಿವನು ವಿಧಿಸಿದನು. ಅಷ್ಟರಲ್ಲಿ ಬುತ್ತಿಯನ್ನು ತಂದ ಹೆಂಡತಿಯು, ಗಂಡನ ಬೆರಳು ಹೋದರೆ ಬೇಸಾಯ ಕೆಡುವುದು, ಅವನ ಒಂದು ಬೆರಳಿಗೆ ಬದಲಾಗಿ ತನ್ನ ಎರಡನ್ನು ತೆಗೆದುಕೊಳ್ಳಬೇಕು ಎಂದು ಬೇಡಿದಳು. ಶಿವನು ಒಪ್ಪಿದನು. ಅವಳ ಕುಲದ ಹೆಣ್ಣುಮಕ್ಕಳಿಗೆಲ್ಲ ಅದೇ ನೇಮವಾಯಿತು.

ನಾವು ಈ ಕಥೆಯನ್ನು ಹೇಳಿ, ಭಕ್ತಿಯಿಂದಲೂ ನಿಶ್ಚಯದಿಂದಲೂ ಮನಸ್ಸು ದೃಢವಾದವರಿಗೆ ಉಳಿಯ ಪೆಟ್ಟೂ ಹಗುರವಾಗುವುದೆಂದು, ಬೆಳ್ಳೂರಿನ ವಿಚಾರಕ್ಕೆ ಇದನ್ನು ಜೋಡಿಸಿ ವ್ಯಾಖ್ಯಾನ ಮಾಡತೊಡಗಿದೆವು. ಮನೆಯವರು ಮೊಣಕಾಲನ್ನು ನೀವಿಕೊಳ್ಳುತ್ತ ಕೇಳುತ್ತಿದ್ದವರು, “ಅದೆಲ್ಲ ಇರಲಿ. ಅವಳಿಗೆ ನೋವಾಯಿತೇ ಎಂದು ಯಾರಾದರೂ ಕೇಳಿದರಂತೆಯೇ?” ಎಂದರು.

ನಮ್ಮ ಕಥೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದೆವು. ಸಹಿಸುವುದಕ್ಕೂ ಶಮನವಾಗುವುದಕ್ಕೂ ಇರುವ ಭೇದವನ್ನು ನಾವು ಮರೆತಿದ್ದೆವು. ಮನಸ್ಸನ್ನು ಕಟ್ಟಿಕೊಂಡು ಒಬ್ಬಳು ನೋವನ್ನು ಸಹಿಸಬಲ್ಲಳು; ಆದುದರಿಂದ ಅವಳಿಗೆ ನೋವೇ ಇಲ್ಲವೆಂದು ಸುತ್ತಲಿನವರು ತೀರ್ಮಾನಿಸಿಬಿಡುತ್ತಾರೆ. ಮನಸ್ಸಿನ ಬಲವನ್ನು ಕುರಿತ ಮಾತು ನೋಯುವವನ ಕೈಯಲ್ಲಿ ಊರುಗೋಲು. ನೋಡುವವನ ಕೈಗೆ ಬಂದರೆ ಅದೇ ಬೆತ್ತ. ನಾವು ಆರು ವರ್ಷ ಬೆತ್ತವನ್ನು ಹಿಡಿದಿದ್ದೆವು.

ಕೊನೆಗೆ, ವೈದ್ಯರು ನಮ್ಮನ್ನು ಕೇಳಿದುದನ್ನೇ ನಾವು ಮನೆಯವರನ್ನು ಕೇಳಿದೆವು: “ನಿನ್ನ ನೋವಿಗೆ ಹತ್ತಕ್ಕೆ ಎಷ್ಟು?” ಅವರು ಪರೀಕ್ಷೆಗೆ ಕುಳಿತ ಹುಡುಗಿಯಂತೆ ಯೋಚಿಸಿ, “ಏಳು” ಎಂದರು. ಸ್ವಲ್ಪ ತಡೆದು, “ರಾತ್ರಿ ಒಂದೊಂದು ದಿನ ಎಂಟು” ಎಂದರು. ನಾವು ಅಲ್ಲಿಯವರೆಗೆ ಆ ಉತ್ತರಪತ್ರಿಕೆಯ ಮೇಲೆ ಸೊನ್ನೆಯನ್ನು ಬರೆದಿದ್ದೆವು.

ಹಿಂದಿರುಗುವ ಮುನ್ನ ಕೋಲಾರಕ್ಕೆ ಹೋಗಿ ಕೋಲಾರಮ್ಮನ ದರ್ಶನ ಮಾಡಿದೆವು. ಚೋಳರ ಶಾಸನಗಳುಳ್ಳ ಪ್ರಾಚೀನ ದೇವಾಲಯವದು. ಅಲ್ಲಿಯೇ ಚೇಳಮ್ಮನೆಂಬ ದೇವತೆಯೂ ಇದ್ದಾಳೆ. ಅವಳಿಗೆ ನಡೆದುಕೊಂಡವರಿಗೆ ಚೇಳಿನ ಬಾಧೆಯಿಲ್ಲವೆಂದು ಜನರ ನಂಬಿಕೆ. ನಮಗೆ ನಮ್ಮ ಬಾಲ್ಯವು ನೆನಪಾಯಿತು. ಹತ್ತನೆಯ ವಯಸ್ಸಿನಲ್ಲಿ ನಮ್ಮನ್ನು ಚೇಳು ಕುಟುಕಿದಾಗ ಊರಿನ ಹಿರಿಯರೊಬ್ಬರು ಬೇವಿನ ಸೊಪ್ಪಿನಿಂದ ತೋಳನ್ನು ನೀವುತ್ತ ಮಂತ್ರ ಹೇಳಿದರು. ಉಸಿರನ್ನು ನಿಧಾನವಾಗಿ ಬಿಡು, ಸೊಪ್ಪನ್ನೇ ನೋಡು ಎಂದರು. ನೋವು ಇಳಿಯಿತು. ಸ್ಪರ್ಶ, ಗಮನ, ಉಸಿರು, ನಂಬಿಕೆ ಇವೆಲ್ಲವೂ ಅಲ್ಲಿ ಕೂಡಿದ್ದವೆಂದು ಈಗ ಹೇಳಬಲ್ಲೆವು. ಆದರೆ ಅದೇ ವರ್ಷ ಕೆಳಗಿನ ಬೀದಿಯ ಮಗುವೊಂದಕ್ಕೆ ಕೆಂಚೇಳು ಕುಟುಕಿತು. ಅದೇ ಹಿರಿಯರು, ಅದೇ ಮಂತ್ರ. ಮಗು ಬೆಳಗಾಗುವುದರೊಳಗೆ ತೀರಿಕೊಂಡಿತು. ಮಂತ್ರವು ನೋವನ್ನು ಸಂತೈಸಬಹುದು. ವಿಷಕ್ಕೆ ಅದರ ಭಾಷೆ ತಿಳಿಯದು. ಮಹಾರಾಷ್ಟ್ರದ ಮಹಾಡಿನಲ್ಲಿ ವೈದ್ಯ ಹಿಮ್ಮತರಾವ್ ಬಾವಸ್ಕರರು ೧೯೮೦ರ ದಶಕದಲ್ಲಿ ಪ್ರಾಜೋಸಿನ್ ಎಂಬ ಔಷಧವನ್ನು ಬಳಸಿ ಚೇಳಿನ ವಿಷದಿಂದ ಸಾಯುವವರ ಸಂಖ್ಯೆಯನ್ನು ಬಹುವಾಗಿ ತಗ್ಗಿಸಿದರು. ಇಂದು ಚೇಳು ಕುಟುಕಿದರೆ ಮಗುವನ್ನು ಸಂತೈಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಗೃಹಸ್ಥರಾದ ವಾಚಕರಿಗೂ ಇಷ್ಟನ್ನು ವಿಜ್ಞಾಪಿಸುವೆವು. ಎದೆನೋವು, ಜ್ವರದೊಡನೆ ಬರುವ ಬೆನ್ನುನೋವು, ಕಾಲಿನ ಜೋಮು ಅಥವಾ ಬಲಹೀನತೆ, ಮಲಮೂತ್ರಗಳ ಹಿಡಿತ ತಪ್ಪುವುದು, ಕಾರಣವಿಲ್ಲದೆ ಮೈ ಇಳಿಯುವುದು, ಇವು ಕಂಡರೆ ಆಸನ ಪ್ರಾಣಾಯಾಮಗಳೆಂದು ಕಾಲಹರಣ ಮಾಡದೆ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಹಳೆಯ ನೋವೆಂದು ಗೊತ್ತಾದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಬಲ್ಲವರಿಂದ ಕಲಿತು, ಮೈಗೆ ಒಪ್ಪುವಷ್ಟನ್ನು ಮಾಡಬೇಕು.

ನಾವು ತುಮಕೂರಿಗೆ ಬಂದು ಹಾಗೆಯೇ ಮಾಡಿದೆವು. ಈಗ ಬೆಳಗ್ಗೆ ಆರು ಗಂಟೆಗೆ ನಮ್ಮ ನಡುಮನೆಯಲ್ಲಿ ಎರಡು ಕುರ್ಚಿಗಳು ಎದುರುಬದುರಾಗಿರುತ್ತವೆ. ಒಂದರ ಮೇಲೆ ನಾವು, ಮತ್ತೊಂದರ ಮೇಲೆ ಮನೆಯವರು. ಅರ್ಧಗಂಟೆ ಸುಲಭವಾದ ಚಲನೆಗಳು. ಆಮೇಲೆ ಹತ್ತು ನಿಮಿಷ ಉಸಿರನ್ನು ದೀರ್ಘವಾಗಿ ಬಿಡುವುದು. ನಮ್ಮ ಒಂಬತ್ತು ಮೂರಕ್ಕೆ ಇಳಿದಿದೆ. ಇದರಲ್ಲಿ ಕಾಲದ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು ಎಂದು ಹೇಳಲಾರೆವು. ಮನೆಯವರ ಏಳು ಅಷ್ಟಾಗಿ ಇಳಿದಿಲ್ಲ. ಐದೆಂದು ಒಂದು ದಿನ ಹೇಳುತ್ತಾರೆ, ಆರೆಂದು ಮತ್ತೊಂದು ದಿನ. ಆದರೆ ಸಂಜೆ ಬೀದಿಯ ಕೊನೆಯ ಗಣಪತಿ ಗುಡಿಯವರೆಗೆ ನಡೆದು ಬರುತ್ತಾರೆ. ಹೋದ ವರ್ಷ ಬಾಗಿಲಿನವರೆಗೆ ಬರುವುದೂ ಕಷ್ಟವಾಗಿತ್ತು. ಬರುವ ಮಾಘಕ್ಕೆ ಮತ್ತೆ ನರಸಾಪುರಕ್ಕೆ ಹೋಗಬೇಕೆಂದಿದ್ದೇವೆ. ಸೀತಿಬೆಟ್ಟವನ್ನು ಹತ್ತುತ್ತೇವೆಯೋ ತಪ್ಪಲಿನಲ್ಲಿಯೇ ಕೂರುತ್ತೇವೆಯೋ ಎಂಬುದನ್ನು ಅಂದಿನ ಅಂಕವನ್ನು ಕೇಳಿದ ಮೇಲೆ ನಿಶ್ಚಯಿಸುವೆವು.